ಬಹುಮಾನ ಗೆದ್ದ ಹೆಬ್ಬಾತು

"ಕಳ್ಳ ಸಿಕ್ಕಿದರೆ ಅವನಿಗೊಂದು ಮಾತು ಹೇಳಮ್ಮ," ಎಂದ ಓರಿನ್, ಏಣಿಯ ಬುಡ ಹಿಡಿದುಕೊಂಡು. "ಕಾಲುವೆ ಪಕ್ಕದ ಸಾಲು ಇನ್ನೂ ಹಾಗೇ ಉಳ್ಕೊಂಡಿದೆ. ಬಿಡುವಾದಾಗ ಅದನ್ನೂ ಕಿತ್ತುಕೊಟ್ಟು ಹೋಗಪ್ಪಾ ಅಂತ."

ಏಣಿಯ ಮೇಲಿದ್ದ ನನ್ನ ಹೆಂಡತಿ ವರ್ನಾ ಸೇಬಿನ ಕೊಂಬೆಯೊಂದನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡು, ಹಲ್ಲಿನ ಡಾಕ್ಟರು ಬಾಯೊಳಗೆ ಇಣುಕುವ ಹಾಗೆ ಅದರ ತುದಿಯನ್ನು ನೋಡುತ್ತಿದ್ದಳು.

ಟೆಸ್ಸಾ ಮೊರಿಯಾಮ ಕಟ್ಟಿದ ಸೇಬು ಕೀಳುವ ಯಂತ್ರ ಬೀಗ ಹಾಕಿದ ಶೆಡ್ಡಿನಿಂದ ಮಾಯವಾಗಿ ವಾರ ದಾಟಿತ್ತು. ಅಂದಿನಿಂದ ಬೆಳಗಾದರೆ ನಮ್ಮ ಯಾಕಿಮಾ ಕಣಿವೆಯ ಯಾವುದಾದರೊಂದು ಸಣ್ಣ ತೋಟದ ಹಣ್ಣು ಕಿತ್ತು, ಪೆಟ್ಟಿಗೆ ತುಂಬಿ, ಸಾಲಾಗಿ ಜೋಡಿಸಿಟ್ಟಿರುತ್ತಿತ್ತು. ಒಂದೇ ಒಂದು ಸೇಬೂ ಕಳವಾಗಿರಲಿಲ್ಲ.

ಇಂಥ ಕಳ್ಳನ ಮೇಲೆ ದೂರು ಕೊಡಲು ಯಾರಿಗೆ ಮನಸ್ಸು ಬಂದೀತು? ಈ ವರ್ಷ ಹಣ್ಣು ಕೀಳುವ ಆಳುಗಳೇ ಸಿಗದೆ ಓರಿನ್ ಹೌಗೆನ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಹಿಮ ಬಿದ್ದರೆ ಮರದಲ್ಲಿದ್ದದ್ದು ಮರದಲ್ಲೇ ಹೋಗುತ್ತಿತ್ತು. ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ತೋಟ ಪೆಟ್ಟಿಗೆಯಲ್ಲಿ. ಮದುಮಗನ ಹಾಗೆ ಗಡ್ಡ ಬೋಳಿಸಿಕೊಂಡು ನಮ್ಮನ್ನು ಬರಮಾಡಿಕೊಂಡಿದ್ದ.

"ಇಳೀತೀನಿ, ಏಣಿ ಹಿಡ್ಕೊ," ಎಂದಳು ವರ್ನಾ.

"ನಾನೂ ಹಿಡ್ಕೊಂಡಿದೀನಿ," ಎಂದೆ.

"ನೀನು ಹಿಡ್ಕೊಂಡಿರೋದು ಕಾಫಿ ಲೋಟ ಕಣೋ ಆರ್ಲೊ."

ನಾನು ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಈಗ ವರ್ನಾಳ ಪಿಕಪ್ ಓಡಿಸುತ್ತೇನೆ. ಅವಳು ಮೊದಲು ಬೆಳೆ ವಿಮೆಯವರ ಪರವಾಗಿ ತನಿಖೆ ಮಾಡುತ್ತಿದ್ದಳು. ಆಲಿಕಲ್ಲು ಬಿದ್ದು ಹಣ್ಣೆಲ್ಲ ಹಾಳಾಯಿತು ಎಂದು ಗೋಳಾಡುವವರ ತೋಟದಲ್ಲಿ ಅಡ್ಡಾಡಿ, ಆಲಿಕಲ್ಲಿನ ಪೆಟ್ಟು ಯಾವುದು, ಸುತ್ತಿಗೆಯ ಪೆಟ್ಟು ಯಾವುದು ಎಂದು ಬೇರ್ಪಡಿಸಿ ಹೇಳುವುದು ಅವಳ ಕೆಲಸವಾಗಿತ್ತು. ಅವಳನ್ನು ಕಂಡರೆ ಕಣಿವೆಯ ಮರ್ಯಾದಸ್ಥರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ವರ್ನಾ ಪೆಟ್ಟಿಗೆಯಿಂದ ಒಂದು ಸೇಬು ಎತ್ತಿ ಬಿಸಿಲಿಗೆ ಹಿಡಿದಳು. ಕಿತ್ತ ಹೊಸದರಲ್ಲಿ ಸೇಬಿನ ಮೈಮೇಲೆ ಬೂದಿಯಂಥ ತೆಳು ಹುಡಿ ಇರುತ್ತದೆ. ಆ ಹುಡಿಯ ನಡುವೆ, ಮಗು ಮುತ್ತಿಟ್ಟ ಹಾಗೆ, ದುಂಡನೆಯ ಒಂದು ಗುರುತು.

"ಬೆರಳಿನ ಗುರುತಲ್ಲ ಇದು," ಎಂದಳು. "ಗಾಳಿ ಎಳ್ಕೊಂಡು ಕೀಳೋ ಬಾಯಿ. ಗ್ಲ್ಯಾಡಿಸ್‌ದೇ."

ಗ್ಲ್ಯಾಡಿಸ್ ಎಂದರೆ ಯಂತ್ರದ ಹೆಸರು. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದ ಹೆಂಗಸಿನ ಹೆಸರದು. ಅವಳಷ್ಟು ಮೆತ್ತನೆಯ ಕೈ ಈ ಊರಿನಲ್ಲಿ ಇನ್ನೊಂದಿರಲಿಲ್ಲ ಎಂದು ಟೆಸ್ಸಾ ಆ ಹೆಸರಿಟ್ಟಿದ್ದಳು.

ಅಷ್ಟರಲ್ಲಿ ಸಾಲುಗಳ ನಡುವೆ ಇಬ್ಬರು ಬಂದರು. ಮುಂದೆ ಟೆಸ್ಸಾ, ಮೂವತ್ತು ದಾಟದ ಹುಡುಗಿ. ಸಿಯಾಟಲ್‌ನ ಗೋದಾಮುಗಳಿಗೆ ಯಂತ್ರದ ಕೈ ಮಾಡಿಕೊಡುವ ಕೆಲಸ ಬಿಟ್ಟು ಊರಿಗೆ ಬಂದು, ಅಜ್ಜಿಯ ಅಂಗಳದಲ್ಲಿ ಕಂಪನಿ ತೆರೆದವಳು. ಹಿಂದೆ ಅವಳ ಪಾಲುದಾರ ಬ್ರೆಂಟ್. ಕಟ್ಟುವುದು ಅವಳು, ಮಾರುವುದು ಅವನು. ನಮ್ಮ ಮಣ್ಣಿನಲ್ಲಿ ಇಷ್ಟು ಕಾಲ ಓಡಾಡಿಯೂ ಬಿಳಿ ಬೂಟು ಬಿಡದವನು. ವರ್ನಾಳನ್ನು ಕರೆಸಿದ್ದು ಅವನೇ.

ಟೆಸ್ಸಾ ನೇರ ಪೆಟ್ಟಿಗೆಯ ಮೇಲೆ ಬಗ್ಗಿದಳು. "ಯಾವುದಕ್ಕಾದ್ರೂ ಪೆಟ್ಟಾಗಿದ್ಯಾ ಆಂಟಿ? ಮೇಲಿಂದ ಕೆಳಕ್ಕೆ ಕಿತ್ತಿದ್ದಾರಾ, ಕೆಳಗಿಂದ ಮೇಲಕ್ಕಾ? ತೊಟ್ಟು ಉಳಿದಿದ್ಯಾ?"

"ಉಳಿದಿದೆ ಕಣಮ್ಮ."

"ಎಲ್ಲದಕ್ಕೂ?" ಅವಳ ಕಣ್ಣು ಅಗಲವಾಯಿತು. "ನನ್ನ ಗ್ಲ್ಯಾಡಿಸ್ ಹತ್ತರಲ್ಲಿ ಒಂದಕ್ಕೆ ತೊಟ್ಟು ಮುರೀತಿದ್ಲು. ಯಾರು ಮಾಡ್ತಿದ್ದಾರೆ ಇದನ್ನ?"

"ಯಾರಾದ್ರೂ ಮಾಡ್ಲಿ," ಎಂದ ಬ್ರೆಂಟ್, ಒಂದು ಸೇಬನ್ನು ಅಂಗಿಗೆ ಒರೆಸಿ ಕಚ್ಚುತ್ತ. "ಶುಕ್ರವಾರ ಕ್ಯಾಲಿಫೋರ್ನಿಯಾದಿಂದ ಬಂಡವಾಳದೋರು ಬರ್ತಾರೆ ಮೇಡಂ. ವೆಂಡೆಲ್ ಕ್ರೇಕ್ ಬರ್ತಾರೆ. ಯಂತ್ರ ಇಲ್ಲದೆ ಖಾಲಿ ಶೆಡ್ ತೋರ್ಸಿ ಒಪ್ಪಂದಕ್ಕೆ ಸಹಿ ಹಾಕ್ಸೋಕಾಗುತ್ತಾ? ನಾನಾಗಿದ್ರೆ ಒಫೇಲಿಯಾ ಅರಿಯಾಗನ್ನ ಕೇಳ್ತಿದ್ದೆ. ಕೀಳೋ ಆಳುಗಳೆಲ್ಲ ಅವಳ ಕೈಕೆಳಗೇ ಇರೋದು. ಯಂತ್ರ ಬಂದ್ರೆ ಮೊದಲು ಹೋಗೋದು ಅವಳ ಅನ್ನ."

ವೆಂಡೆಲ್ ಕ್ರೇಕ್ ಎಂದರೆ ಕಣಿವೆಯ ದೊಡ್ಡ ಪ್ಯಾಕಿಂಗ್ ಕಂಪನಿಯ ಧಣಿ. ಯಾರು ಬೆಳೆದ ಸೇಬಾದರೂ ಅವನ ಕಾರ್ಖಾನೆಯ ಓಡುವ ಪಟ್ಟಿಯ ಮೇಲೆ ಹಾದು, ಅವನ ಅಂಟು ಚೀಟಿ ಹಚ್ಚಿಸಿಕೊಂಡೇ ಅಂಗಡಿ ಸೇರಬೇಕು. ಅವನ ಹೆಸರು ಕಿವಿಗೆ ಬಿದ್ದದ್ದೇ ಟೆಸ್ಸಾ ಕೈಯಲ್ಲಿದ್ದ ಸೇಬನ್ನು ಪೆಟ್ಟಿಗೆಗೆ ವಾಪಸು ಇಟ್ಟಳು.

ವರ್ನಾ ಅದನ್ನು ನೋಡಿದಳು. ನೋಡಿದ್ದನ್ನು ನಾನೂ ನೋಡಿದೆ.

"ಸರಿ, ಒಫೇಲಿಯಾ ಹತ್ರನೇ ಹೋಗೋಣ," ಎಂದಳು ವರ್ನಾ. "ಊಟದ ಹೊತ್ತೂ ಆಯ್ತು."

* * *

ಒಫೇಲಿಯಾಳ ತಂಡ ಬೆಟ್ಟದ ಬುಡದ ತೋಟದಲ್ಲಿತ್ತು. ಟ್ರಾಕ್ಟರ್ ನೇಗಿಲಿನ ಹಳೆಯ ಕಬ್ಬಿಣದ ತಟ್ಟೆಯನ್ನು ಒಲೆಯ ಮೇಲಿಟ್ಟು ಅವಳು ಜೋಳದ ರೊಟ್ಟಿ ಬಿಸಿ ಮಾಡುತ್ತಿದ್ದಳು. ಪಕ್ಕದಲ್ಲಿ ಬೀನ್ಸ್ ಕಾಳಿನ ಪಲ್ಯ, ಸುಟ್ಟ ಮೆಣಸಿನಕಾಯಿ. ಎತ್ತರದ ಹೆಂಗಸು, ತಲೆಗೆ ಅಗಲವಾದ ಹುಲ್ಲಿನ ಟೋಪಿ. ಮರದ ನೆರಳಿನಲ್ಲಿ ಅವಳ ತಂಡದವರು ಬೂಟು ಬಿಚ್ಚಿ ಕಾಲು ಚಾಚಿದ್ದರು.

"ಬಂದ್ರಾ ಅಕ್ಕಾ," ಎಂದಳು. "ನಿನ್ನೇನೇ ಬರ್ತೀರಿ ಅಂತಿದ್ದೆ. ಕೂತ್ಕೊಳ್ಳಿ. ಹೊಟ್ಟೆ ತುಂಬಿದ ಮೇಲೆ ಕೈಕೋಳ ಹಾಕುವಿರಂತೆ."

"ನಿನ್ನ ಹೆಸರು ಹೇಳಿದೋರು ಯಾರು ಅಂತ ಕೇಳಲ್ವಾ?"

"ಬಿಳಿ ಬೂಟಿನೋನು ತಾನೆ. ಮತ್ತಿನ್ಯಾರು."

ಮರದಡಿಯವರೆಲ್ಲ ನಕ್ಕರು. ತಮಾಷೆ ಒಂದಕ್ಕೆ ಬೇಕಾದ್ದಕ್ಕಿಂತ ಆ ನಗೆ ಸ್ವಲ್ಪ ಜಾಸ್ತಿಯೇ ಇತ್ತು ಎಂದು ನನಗನ್ನಿಸಿತು. ಆದರೆ ಅಷ್ಟರಲ್ಲಿ ನನ್ನ ಕೈಗೆ ರೊಟ್ಟಿ ಬಂದಿತ್ತು. ರೊಟ್ಟಿ ಕೈಲಿದ್ದಾಗ ನಾನು ಯಾರನ್ನೂ ಅನುಮಾನಿಸುವುದಿಲ್ಲ.

ವರ್ನಾ ಸುತ್ತು ಬಳಸಲಿಲ್ಲ. "ಯಂತ್ರ ಬಂದ್ರೆ ನಿನ್ನ ಜನಕ್ಕೆ ಕೆಲಸ ಹೋಗುತ್ತೆ. ಸಿಟ್ಟಿಲ್ವಾ ನಿನಗೆ?"

"ಜನ ಎಲ್ಲಿದ್ದಾರಕ್ಕಾ?" ಒಫೇಲಿಯಾ ರೊಟ್ಟಿ ಮಗುಚಿದಳು. "ಅರ್ಧ ಜನ ಮನೆ ಕಟ್ಟೋ ಕೆಲಸಕ್ಕೆ ಹೋದ್ರು. ಹುಡುಗರು ಕಾಲೇಜು ಅಂತ ಹೋದ್ರು, ಹೋಗ್ಲಿ ಬಿಡಿ, ಅದಕ್ಕೆ ತಾನೆ ನಾವು ದುಡಿದಿದ್ದು. ಉಳಿದೋರ ಮಂಡಿ ನೋಡಿ. ಆ ಚೂಯ್ ಇದ್ದಾನಲ್ಲ, ಅವನು ಏಣಿ ಹತ್ತಿದ್ರೆ ಮಂಡಿ ಸದ್ದು ಪಕ್ಕದ ತೋಟಕ್ಕೆ ಕೇಳುತ್ತೆ."

"ಪಕ್ಕದ ತೋಟಕ್ಕಲ್ಲ," ಎಂದ ಚೂಯ್ ಮಲಗಿದಲ್ಲಿಂದಲೇ. "ಚರ್ಚಿಗೆ. ಅವರು ಗಂಟೆ ಹೊಡೆಯೋದೇ ಬಿಟ್ಟಿದ್ದಾರೆ."

"ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ," ಎಂದಳು ಒಫೇಲಿಯಾ, ನಗು ಮುಗಿದ ಮೇಲೆ. "ಕುದುರೆ ಬಂತು ಅಂತ ಯಾರಿಗೂ ಸಿಟ್ಟು ಬರಲ್ಲ. ಲಗಾಮು ಯಾರ ಕೈಲಿರುತ್ತೆ ಅನ್ನೋದೇ ನನ್ನ ಪ್ರಶ್ನೆ. ಓರಿನ್ ಕೈಲೋ, ನನ್ನ ಕೈಲೋ ಇದ್ರೆ ಒಂಥರ. ಕ್ರೇಕ್ ಒಬ್ಬನ ಕೈಲಿದ್ರೆ ಇನ್ನೊಂಥರ."

"ಗ್ಲ್ಯಾಡಿಸ್ ಕಾಣೆಯಾದ ಸಂಜೆ ನೀನೆಲ್ಲಿದ್ದೆ?"

"ಊರೆಲ್ಲ ಎಲ್ಲಿತ್ತೋ ಅಲ್ಲೇ. ಶಾಲೆ ಮೆರವಣಿಗೆಯಲ್ಲಿ. ನನ್ನ ಮಗಳು ಮರಿಸೋಲ್ ಬ್ಯಾಂಡಿನಲ್ಲಿ ದೊಡ್ಡ ಕೊಂಬು ಊದಿದ್ಲು. ನೋಡಿ ಬೇಕಾದ್ರೆ." ಫೋನು ಒರೆಸಿ ವರ್ನಾಳ ಕೈಗಿತ್ತಳು.

ಚಿತ್ರದಲ್ಲಿ ಕೊಂಬು ಮಾತ್ರ ಕಾಣುತ್ತಿತ್ತು, ಕೆಳಗೆ ಎರಡು ಕಾಲು. ಮರಿಸೋಲ್ ಎಲ್ಲೋ ನಡುವೆ ಇರಬೇಕು. ಅವಳ ಹಿಂದೆ ಮೆರವಣಿಗೆಯ ಅತಿ ದೊಡ್ಡ ಅಲಂಕಾರದ ಬಂಡಿ: ಬಿಳಿ ಕಾಗದದ ಹೂಗಳಿಂದ ಮುಚ್ಚಿದ, ಮನೆಯೆತ್ತರದ ಹೆಬ್ಬಾತು. ನಮ್ಮ ಶಾಲೆಯ ಆಟದ ತಂಡದ ಗುರುತು ಅದೇ.

"ಆಹಾ, ಹೆಬ್ಬಾತು," ಎಂದೆ ನಾನು. "ಏನು ಚಂದ ಇತ್ತು. ಕತ್ತು ಎತ್ತೋದು, ಇಳಿಸೋದು, ಮಕ್ಕಳ ಕಡೆ ಬಾಗೋದು. ತೀರ್ಪುಗಾರರಲ್ಲಿ ನಾನೂ ಒಬ್ಬ ಅಲ್ವಾ. ಮೊದಲನೇ ಬಹುಮಾನ ಅದಕ್ಕೇ ಕೊಟ್ವಿ. ತಗೊಳ್ಳೋಕೆ ಮಾತ್ರ ಯಾರೂ ಬರಲಿಲ್ಲ."

ವರ್ನಾ ಫೋನಿನಿಂದ ಕಣ್ಣೆತ್ತದೆ ಕೇಳಿದಳು. "ಓಡಿಸ್ತಿದ್ದೋರು ಯಾರು ಆರ್ಲೊ?"

ನಾನು ಬಾಯಿ ತೆರೆದೆ. ರೊಟ್ಟಿ ಅಲ್ಲೇ ನಿಂತಿತು.

ಉಳಿದ ಬಂಡಿಗಳನ್ನೆಲ್ಲ ಟ್ರಾಕ್ಟರುಗಳು ಎಳೆದಿದ್ದವು. ಹೆಬ್ಬಾತಿನ ಮುಂದೆ ಟ್ರಾಕ್ಟರು ಇರಲಿಲ್ಲ. ಅದು ತಾನಾಗಿಯೇ, ನಡೆಯುವವರ ವೇಗದಲ್ಲಿ, ಇಡೀ ಪೇಟೆಬೀದಿ ದಾಟಿತ್ತು. ಅದರ ಕತ್ತು ಕೊಂಬೆಯತ್ತ ಚಾಚುವ ಕೈಯ ಹಾಗೆ ಬಾಗುತ್ತಿತ್ತು. ಪೊಲೀಸ್ ಅಧಿಕಾರಿ ಖುದ್ದಾಗಿ ಅಡ್ಡರಸ್ತೆಯಲ್ಲಿ ಕಾರುಗಳನ್ನು ತಡೆದು ಅದಕ್ಕೆ ದಾರಿ ಬಿಡಿಸಿದ್ದ. ಊರೆಲ್ಲ ಚಪ್ಪಾಳೆ ತಟ್ಟಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನೇ.

"ಅಯ್ಯೋ ದೇವರೇ," ಎಂದೆ.

"ಕಳವಾದ ವಸ್ತುವಿಗೆ ಬಹುಮಾನ ಕೊಟ್ಟ ತೀರ್ಪುಗಾರ," ಎಂದಳು ಒಫೇಲಿಯಾ. "ನಿಮ್ಮನ್ನ ಕೋರ್ಟಿಗೆ ಕಳಿಸ್ಬೇಕು ಅಣ್ಣಾ, ಜಡ್ಜ್ ಮಾಡಿ."

ವರ್ನಾಳಿಗೆ ನಗು ತಡೆಯಲಾಗಲಿಲ್ಲ. ಮರದ ಬುಡಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಮದುವೆಯಾದ ಹೊಸದರಲ್ಲಿ ನಾನು ಬಸ್ಸನ್ನು ಹಿಂದಕ್ಕೆ ತೆಗೆಯಲು ಹೋಗಿ ನಮ್ಮದೇ ಟಪಾಲು ಡಬ್ಬ ಬೀಳಿಸಿದಾಗ ಹೀಗೆ ನಕ್ಕಿದ್ದಳು.

ಆಮೇಲೆ ಚಿತ್ರವನ್ನು ಹಿಗ್ಗಿಸಿ ನನ್ನತ್ತ ಹಿಡಿದಳು. "ಈ ಕಾಗದ ನೋಡು. ಹೂವಿನ ಅಂಚಲ್ಲಿ ನೇರಳೆ ಬಣ್ಣದ ಅಚ್ಚಿದೆ. ಬೀಸಣಿಗೆ ಥರ."

ಈ ಸಲ ನನಗೆ ತಡವಾಗಲಿಲ್ಲ. ಪಿಯರ್ ಹಣ್ಣನ್ನು ಒಂದೊಂದಾಗಿ ಸುತ್ತಿಕೊಡುತ್ತಿದ್ದ ತೆಳು ಕಾಗದ ಅದು. ಕಾಲುವೆ ದಾರಿಯ ಮೊರಿಯಾಮ ಹಣ್ಣಿನಂಗಡಿಯಲ್ಲಿ ಮಾತ್ರ ಆ ಬೀಸಣಿಗೆಯ ಅಚ್ಚಿನ ಕಾಗದ ಇರುತ್ತಿತ್ತು. ಟೆಸ್ಸಾಳ ಅಜ್ಜಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತ್ತು.

"ಹಾಗಾದ್ರೆ ಅವಳೇ..." ಎಂದೆ.

"ಪಿಕಪ್ ತೆಗಿ," ಎಂದಳು ವರ್ನಾ.

ಒಫೇಲಿಯಾ ಕಾಗದದಲ್ಲಿ ನಾಲ್ಕು ರೊಟ್ಟಿ ಸುತ್ತಿ ನನ್ನ ಕೈಗಿಟ್ಟಳು. ಅವಳ ಮುಖದಲ್ಲಿ ನಗುವಿತ್ತು, ಕಣ್ಣು ಮಾತ್ರ ವರ್ನಾಳ ಬೆನ್ನಿನ ಮೇಲೆಯೇ ಇತ್ತು.

* * *

"ಬೆಳಿಗ್ಗೆಯಿಂದ ನನಗೆ ಒಂದು ಮಾತು ಚುಚ್ತಾನೇ ಇತ್ತು," ಎಂದಳು ವರ್ನಾ ದಾರಿಯಲ್ಲಿ. "ನಿನ್ನ ದನ ಕಳೆದುಹೋದ್ರೆ ಮೊದಲು ಏನು ಕೇಳ್ತೀಯ?"

"ಎಲ್ಲಿದೆ ಅಂತ."

"ಎಲ್ಲರೂ ಹಾಗೇ ಕೇಳ್ತಾರೆ. ಆ ಹುಡುಗಿ ವಾರದಿಂದ ದಿನಾ ನನ್ನನ್ನ ನೋಡ್ತಿದ್ದಾಳೆ. ಯಾರು ಕೀಳ್ತಿದ್ದಾರೆ, ಹೇಗೆ ಕೀಳ್ತಿದ್ದಾರೆ, ಎಲ್ಲ ಕೇಳಿದ್ಲು. ಗ್ಲ್ಯಾಡಿಸ್ ಎಲ್ಲಿದ್ದಾಳೆ ಅಂತ ಒಂದು ಸಲನೂ ಕೇಳ್ಲಿಲ್ಲ."

ನಾನು ಪಿಕಪ್ಪನ್ನು ಕಾಲುವೆ ದಾರಿಗೆ ತಿರುಗಿಸಿದೆ. ಆ ಹುಡುಗಿಯನ್ನು ಒಂದನೇ ತರಗತಿಯಿಂದ ನನ್ನ ಬಸ್ಸಿನಲ್ಲಿ ಕರೆದೊಯ್ದಿದ್ದೆ. ಬಸ್ಸಿನ ಬಾಗಿಲು ಕಿರುಗುಟ್ಟುತ್ತದೆಂದು ಒಮ್ಮೆ ಮನೆಯಿಂದ ಎಣ್ಣೆ ಡಬ್ಬಿ ತಂದು ಹಾಕಿದ್ದಳು. ಅವಳ ಮೇಲೆ ತಪ್ಪು ಹೊರಿಸುವುದು ನನಗೆ ಕಷ್ಟವಾಗುತ್ತಿತ್ತು.

ಅಂಗಡಿಯ ಮುಂದಿನ ಹಲಗೆಗಳ ಬಣ್ಣ ಹೋಗಿತ್ತು. ಹಿಂದುಗಡೆ ಹಣ್ಣು ದಾಸ್ತಾನಿಡುವ ಕೊಟ್ಟಿಗೆ. ಅದರ ಮೆಟ್ಟಿಲ ಮೇಲೆ ಟೆಸ್ಸಾ ಕೂತಿದ್ದಳು. ನಮ್ಮ ಪಿಕಪ್ ಕಂಡರೂ ಏಳಲಿಲ್ಲ. ಅವಳ ಮೊಣಕೈಗೆ ಬಿಳಿ ಕಾಗದದ ಎಸಳೊಂದು ಅಂಟಿಕೊಂಡಿತ್ತು. ವರ್ನಾ ಬಗ್ಗಿ ಅದನ್ನು ಬಿಡಿಸಿ ಅವಳ ಕೈಯಲ್ಲೇ ಇಟ್ಟಳು.

"ಮೊದಲನೇ ಬಹುಮಾನ ಇನ್ನೂ ಶಾಲೆ ಆಫೀಸಲ್ಲೇ ಇದೆ," ಎಂದಳು. "ಹೋಗಿ ತಗೋಬಾರದಾ?"

ಟೆಸ್ಸಾ ಎಸಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ನೀವು ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದಾಗ ನನಗೆ ಪಾಪ ಅನ್ನಿಸ್ತು ಅಂಕಲ್."

"ಕತ್ತು ಬಾಗಿಸಿದ್ದು ಚೆನ್ನಾಗಿತ್ತು ಕಣಮ್ಮ," ಎಂದೆ.

"ಅವನ ಮಾತು ಬಿಡು," ಎಂದಳು ವರ್ನಾ. ಮೆಟ್ಟಿಲ ಮೇಲೆ ಅವಳ ಪಕ್ಕಕ್ಕೇ ಕೂತಳು. "ನಿನ್ನದೇ ಯಂತ್ರ ನೀನೇ ಕದ್ದೆ. ಯಾಕೆ?"

"ನನ್ನದು ಅಂತ ಎಷ್ಟು ದಿನ ಇರ್ತಿತ್ತು ಆಂಟಿ?" ಟೆಸ್ಸಾಳ ದನಿ ಏರಿತು. "ಕ್ರೇಕ್ ಏನು ಕೇಳ್ತಿದ್ದಾರೆ ಗೊತ್ತಾ? ಗ್ಲ್ಯಾಡಿಸ್ ಅವರ ತೋಟದಲ್ಲಿ ಬಿಟ್ಟು ಬೇರೆಲ್ಲೂ ಓಡಬಾರದಂತೆ. ವರ್ಷಗಟ್ಟಲೆ. ಓರಿನ್ ತಾತ ಬಾಡಿಗೆಗೆ ಕೇಳಿದ್ರೂ ಕೊಡೋಹಾಗಿಲ್ಲ. ಸಣ್ಣ ತೋಟದೋರು ಕೀಳೋ ಆಳಿಲ್ಲದೆ ಸೋತು, ಕೊನೆಗೆ ಅವರಿಗೇ ತೋಟ ಮಾರ್ಬೇಕು. ಅದೇ ಅವರ ಲೆಕ್ಕ."

"ಬ್ರೆಂಟ್ ಏನಂದ?"

"ಮೊದಲು ಒಬ್ಬ ದೊಡ್ಡೋನ ಕೈ ಹಿಡೀಬೇಕು, ಆಮೇಲೆ ಎಲ್ಲರಿಗೂ ಕೊಡೋಣ ಅಂದ. ಹೊಸ ಕಂಪನಿ ಬದುಕೋದೇ ಹಾಗಂತೆ." ಅವಳು ಎಸಳನ್ನು ಮುದುಡಿದಳು. "ನಾನು ಶುರು ಮಾಡಿದ್ದು ಯಾಕೆ ಅಂತ ಅವನಿಗೆ ಗೊತ್ತಿತ್ತು. ಅಜ್ಜಿ ಕೊನೆ ವರ್ಷ ಹಣ್ಣೆಲ್ಲ ನೆಲಕ್ಕೆ ಬಿದ್ದು ಕೊಳೀತು. ಕೀಳೋಕೆ ಯಾರೂ ಸಿಗಲಿಲ್ಲ. ಕಿಟಕಿ ಹತ್ರ ಕೂತು ಅದನ್ನೇ ನೋಡ್ತಿದ್ಲು. ಅದೆಲ್ಲ ಅವನಿಗೆ ಹೇಳಿದ್ದೆ. ಹಾಗಿದ್ದೂ ಶುಕ್ರವಾರ ಸಹಿ ಅಂದ. ಕಣ್ಣಿಗೆ ಕಾಣದ ಯಂತ್ರಕ್ಕೆ ಸಹಿ ಹಾಕೋಕಾಗಲ್ಲ ಅಂತ ನಾನು..."

"ಹೆಬ್ಬಾತು ಮಾಡ್ದೆ."

"ಬೇರೆ ಹೇಗೆ ರಸ್ತೆ ದಾಟಿಸ್ಲಿ? ಈ ಊರಲ್ಲಿ ಹೊಸ ಸೈಕಲ್ ಬಂದ್ರೂ ಎಲ್ಲರಿಗೂ ಗೊತ್ತಾಗುತ್ತೆ."

ನನಗೆ ಹೆಮ್ಮೆಯಾಯಿತು ಎಂದರೆ ತಪ್ಪಾಗುತ್ತದೆಯೋ ಏನೋ. ಆದರೂ ಆಯಿತು. ವರ್ನಾಳ ತುಟಿಯ ಮೂಲೆಯೂ ಅಲುಗಿತು. ಆದರೆ ಅವಳು ಸಡಿಲ ಬಿಡಲಿಲ್ಲ.

"ಬಚ್ಚಿಟ್ಟಿದ್ದು ಅರ್ಥ ಆಯ್ತು. ಆಮೇಲೆ ಸುಮ್ಮನಿರ್ಬೇಕಿತ್ತು. ಬೆಳಕು ಹರಿಯೋ ಮುಂಚೆ ಅವರಿವರ ತೋಟಕ್ಕೆ ತಗೊಂಡು ಹೋಗಿ ಹಣ್ಣು ಕೀಳಿಸೋದು ಯಾಕೆ? ಸಿಕ್ಕಿಬೀಳ್ತೀನಿ ಅಂತ ಅನ್ನಿಸ್ಲಿಲ್ವಾ?"

ಟೆಸ್ಸಾ ತಲೆಯೆತ್ತಿದಳು. ಅವಳ ಮುಖದಲ್ಲಿ ಅಪರಾಧಿಯ ಕಳೆಯಿರಲಿಲ್ಲ. ಲೆಕ್ಕ ತಪ್ಪಿದವಳ ಗೊಂದಲವಿತ್ತು.

"ನಾನಾ?" ಎಂದಳು. "ಅದನ್ನೇ ಅಲ್ವಾ ಆಂಟಿ ವಾರದಿಂದ ನಿಮ್ಮನ್ನ ಕೇಳ್ತಿರೋದು?"

ಎದ್ದು ಕೊಟ್ಟಿಗೆಯ ಬಾಗಿಲನ್ನು ಪಕ್ಕಕ್ಕೆ ತಳ್ಳಿದಳು. ಒಳಗೆ ಹಳೆಯ ಪಿಯರ್ ಹಣ್ಣಿನ ವಾಸನೆ ಇನ್ನೂ ಉಳಿದಿತ್ತು. ಬಾಗಿಲ ಬೆಳಕಿನಲ್ಲಿ ಹೆಬ್ಬಾತು ನಿಂತಿತ್ತು. ಅರ್ಧ ಹೂಗಳು ಉದುರಿ, ಅಡಿಯಲ್ಲಿ ಗ್ಲ್ಯಾಡಿಸ್‌ಳ ಹಸಿರು ಮೈ ಕಾಣುತ್ತಿತ್ತು. ಕತ್ತು ಮಾತ್ರ ಮೆರವಣಿಗೆಯ ದಿನ ಇದ್ದ ಹಾಗೇ ಬಾಗಿತ್ತು, ಕಾಗದ ಹಚ್ಚಿಕೊಂಡು.

ವರ್ನಾ ಅದರ ಸುತ್ತ ಒಂದು ಸಲ ಬಂದಳು. ಚಕ್ರಕ್ಕೂ ಯಂತ್ರದ ಕೈಗೂ ನಡುವೆ ಜೇಡ ಬಲೆ ನೇಯ್ದಿತ್ತು. ನೆಮ್ಮದಿಯಾಗಿ ಸಂಸಾರ ಹೂಡಿ, ನೊಣಗಳನ್ನು ಹಿಡಿದು ನೇತುಹಾಕಿದ್ದ ದೊಡ್ಡ ಬಲೆ. ಬ್ಯಾಟರಿಗಳು ಗೋಡೆಯ ಹಲಗೆಯ ಮೇಲಿದ್ದವು.

"ಇವಳು ಅಲುಗಿಲ್ಲ," ಎಂದಳು ವರ್ನಾ ಮೆಲ್ಲಗೆ.

"ಅಲುಗಿಲ್ಲ," ಎಂದಳು ಟೆಸ್ಸಾ. "ಹಾಗಾದ್ರೆ ತೋಟದಲ್ಲಿ ಕೀಳ್ತಿರೋದು ಏನು? ಅದೂ ನನಗಿಂತ ಚೆನ್ನಾಗಿ. ತೊಟ್ಟು ಮುರೀದೆ."

ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಓರಿನ್.

"ಆರ್ಲೊ, ಬೇಗ ಬಾರಯ್ಯಾ," ಎಂದ. ಉಸಿರು ಸಿಗುತ್ತಿರಲಿಲ್ಲ ಅವನಿಗೆ. "ಬಂದಿದೆ. ನನ್ನ ಕಣ್ಣೆದುರೇ ಇದೆ. ಹಾಡಹಗಲಲ್ಲಿ ಕಾಲುವೆ ಪಕ್ಕದ ಸಾಲು ಕೀಳ್ತಾ ಇದೆ. ನಾನು ಹೇಳಿದ್ದು ಕಳ್ಳನಿಗೆ ಹೆಂಗೋ ಕೇಳಿಸಿಬಿಟ್ಟಿದೆ ಮಾರಾಯ."

ಎಲ್ಲರಿಗೂ ಕೇಳುವಂತೆ ಫೋನನ್ನು ಹಿಡಿದೆ.

"ಹೇಗಿದೆ ನೋಡೋಕೆ?" ಎಂದಳು ವರ್ನಾ.

"ಗ್ಲ್ಯಾಡಿಸ್ ಥರಾನೇ ಕಣಮ್ಮ. ಆದರೆ ಸಣ್ಣದು. ಹಳೇ ಹುಲ್ಲು ಕೊಯ್ಯೋ ಗಾಡಿಗೆ ಯಂತ್ರದ ಕೈ ಜೋಡಿಸಿದ ಹಾಗಿದೆ. ಮೇಲೊಂದು ಸೀಟಿದೆ."

"ಗ್ಲ್ಯಾಡಿಸ್‌ಗೆ ಸೀಟೇ ಇಲ್ಲ," ಎಂದಳು ಟೆಸ್ಸಾ.

"ಸೀಟಲ್ಲಿ ಯಾರಿದ್ದಾರೆ ಓರಿನ್?"

"ಒಫೇಲಿಯಾ. ನನಗೆ ಟೋಪಿ ಎತ್ತಿ ಕೈ ಬೀಸಿದ್ಲು. ಚೂಯ್ ಹಿಂದೆ ನಡ್ಕೊಂಡು ಬರ್ತಾ ಪೆಟ್ಟಿಗೆ ಬದಲಾಯಿಸ್ತಿದ್ದಾನೆ, ರಾಜಕುಮಾರನ ಹಾಗೆ, ಏಣಿ ಇಲ್ಲ ಏನಿಲ್ಲ."

ಟೆಸ್ಸಾ ಗ್ಲ್ಯಾಡಿಸ್‌ಳ ಚಕ್ರಕ್ಕೆ ಒರಗಿದಳು. "ಆ ಬಾಯಿ," ಎಂದಳು. "ಗಾಳಿ ಎಳೆಯೋ ಆ ರಬ್ಬರ್ ಬಾಯಿ. ಅದರ ಅಚ್ಚು ಇಬ್ಬರ ಹತ್ರ ಮಾತ್ರ ಇದೆ ಆಂಟಿ. ಒಂದು ನನ್ನದು. ಇನ್ನೊಂದು..."

ಫೋನಿನಲ್ಲಿ ಏನೋ ಗಲಿಬಿಲಿ. ಓರಿನ್ ಯಾರಿಗೋ, 'ತಗೊಳ್ಳಪ್ಪಾ, ನೀನೇ ಮಾತಾಡು' ಎಂದದ್ದು ಕೇಳಿಸಿತು. ಆಮೇಲೆ ಬ್ರೆಂಟ್‌ನ ದನಿ.

"ಮೇಡಂ, ಟೆಸ್ಸಾ ಪಕ್ಕದಲ್ಲೇ ಇದ್ದಾಳೆ ಅಂದ್ಕೋತೀನಿ. ಗ್ಲ್ಯಾಡಿಸ್ ಎಲ್ಲಿದ್ದಾಳೆ ಅಂತ ನನಗೆ ಮೆರವಣಿಗೆ ದಿನಾನೇ ಗೊತ್ತಾಯ್ತು. ಆ ಕತ್ತನ್ನ ನಾನು ಸಾವಿರ ಸಲ ನೋಡಿಲ್ವಾ. ಶುಕ್ರವಾರ ದಾಟೋವರೆಗೆ ಅವಳು ಅಲ್ಲೇ ಇರ್ಲಿ."

ಟೆಸ್ಸಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಎಲ್ಲಿದೆ ಅಂತ ಗೊತ್ತಿದ್ದ ಮೇಲೆ ಹುಡುಕೋಕೆ ನನ್ನನ್ನ ಯಾಕಪ್ಪಾ ಕರೆಸ್ದೆ?" ಎಂದಳು ವರ್ನಾ. ಅವಳ ದನಿ ಸಿಹಿಯಾಗಿತ್ತು. ಆ ಸಿಹಿಯ ಅರ್ಥ ನನಗೆ ಗೊತ್ತು. ಸುತ್ತಿಗೆ ಹಿಡಿದ ರೈತರ ಹತ್ತಿರ ಅವಳು ಹೀಗೇ ಮಾತಾಡುತ್ತಿದ್ದಳು.

"ನೀವು ಹುಡುಕ್ತಿರೋದನ್ನ ಕ್ರೇಕ್ ನೋಡ್ಲಿ ಅಂತ. ಯಂತ್ರ ನಿಜವಾಗ್ಲೂ ಕಳವಾಗಿದೆ ಅಂತ ನಂಬ್ಲಿ ಅಂತ. ಆ ಅಚ್ಚು ಒಫೇಲಿಯಾಗೆ ಕೊಟ್ಟಿದ್ದೂ ನಾನೇ, ಎಲ್ಲ ಆಮೇಲೆ ಹೇಳ್ತೀನಿ. ಈಗ ಒಂದು ವಿಷಯ. ನಿಮ್ಮ ಪಿಕಪ್ ಒಫೇಲಿಯಾ ಹತ್ರಿಂದ ಹೊರಟಾಗ ಹಿಂದೆ ಒಂದು ಕಪ್ಪು ಕಾರು ಹೊರಟಿತಂತೆ. ಚೂಯ್ ನೋಡಿದ್ದಾನೆ."

ನಾನು ಕನ್ನಡಿ ನೋಡಿಯೇ ಇರಲಿಲ್ಲ. ಜೀವಮಾನವೆಲ್ಲ ಮಕ್ಕಳನ್ನು ಕೂರಿಸಿಕೊಂಡು ಕನ್ನಡಿ ನೋಡುತ್ತ ಬಸ್ಸು ಓಡಿಸಿದವನು, ಮಡಿಲಲ್ಲಿ ರೊಟ್ಟಿ ಇಟ್ಟುಕೊಂಡು ಮುಂದೆ ಮಾತ್ರ ನೋಡಿದ್ದೆ.

ಹೊರಗೆ ಜಲ್ಲಿಕಲ್ಲಿನ ಮೇಲೆ ಚಕ್ರ ಉರುಳಿ ನಿಂತ ಸದ್ದಾಯಿತು. ಟೆಸ್ಸಾ ಓಡಿಹೋಗಿ ಬಾಗಿಲು ಎಳೆದು ಚಿಲಕ ಹಾಕಿದಳು. ಕೊಟ್ಟಿಗೆಯ ಒಳಗೆ ಹಲಗೆಗಳ ಸಂದಿಯಿಂದ ಬರುವ ಬಿಸಿಲಿನ ಗೆರೆಗಳು ಮಾತ್ರ ಉಳಿದವು.

ಹೆಜ್ಜೆ ಸದ್ದು ಮೆಟ್ಟಿಲೇರಿತು. ಬಾಗಿಲ ಮೇಲೆ ಬೆರಳಿನ ಗಂಟು ಬಡಿಯಿತು, ಅವಸರವಿಲ್ಲದೆ.

"ಒಳಗಿದ್ದೀರಿ ಅಂತ ಗೊತ್ತು ವರ್ನಾ," ಎಂದ ವೆಂಡೆಲ್ ಕ್ರೇಕ್. ಭಾನುವಾರ ಚರ್ಚಿನಲ್ಲಿ ಕುಶಲ ಕೇಳುವಾಗಿನ ಅದೇ ದನಿ. "ಚೆನ್ನಾಗಿ ಹುಡುಕಿಕೊಟ್ರಿ. ಬಾಗಿಲು ತೆಗೀರಿ, ನನ್ನ ಯಂತ್ರ ನಾನು ತಗೊಂಡು ಹೋಗ್ತೀನಿ."

"ನಿಮ್ಮದಲ್ಲ ಅದು," ಎಂದು ಕೂಗಿದಳು ಟೆಸ್ಸಾ. "ಶುಕ್ರವಾರದ ಮಾತು. ಇನ್ನೂ ಸಹಿ ಆಗಿಲ್ಲ."

"ಓ, ನೀನೂ ಇದ್ದೀಯಾ ಮಗೂ." ಹೊರಗಿನವನಿಗೆ ನಿಜಕ್ಕೂ ಸಂತೋಷವಾದಂತಿತ್ತು. "ನಿನ್ನ ಪಾಲುದಾರ ನಿನಗೆ ಹೇಳಲಿಲ್ವಾ? ಸಹಿ ನಿನ್ನೆ ಸಂಜೆಯೇ ಆಯ್ತಲ್ಲ. ನನ್ನ ಊಟದ ಮೇಜಿನ ಮೇಲೆ, ಅವನ ಕೈಯಾರೆ."

ನನ್ನ ಕೈಯಲ್ಲಿ ಫೋನು ಇನ್ನೂ ಬೆಳಗುತ್ತಿತ್ತು. 'ಸುಳ್ಳು' ಎಂಬ ಒಂದು ಮಾತಿಗಾಗಿ ನಾವು ಮೂವರೂ ಅದನ್ನೇ ನೋಡಿದೆವು. ದೂರದಲ್ಲಿ ಒಫೇಲಿಯಾಳ ಯಂತ್ರ ಗುಂಯ್‌ಗುಟ್ಟುವುದು ಕೇಳುತ್ತಿತ್ತು. ಬ್ರೆಂಟ್ ಉಸಿರಾಡುವುದೂ ಕೇಳುತ್ತಿತ್ತು.

"ಬ್ರೆಂಟ್?" ಎಂದಳು ಟೆಸ್ಸಾ.

"ಬಾಗಿಲು ತೆಗೀಬೇಡಿ ಮೇಡಂ," ಎಂದ ಅವನು, ತೀರ ಸಣ್ಣ ದನಿಯಲ್ಲಿ. "ದಯವಿಟ್ಟು ತೆಗೀಬೇಡಿ."

ವರ್ನಾ ಕೂದಲು ಸರಿಪಡಿಸಿಕೊಂಡಳು. ಅಂಗಿಯ ತೋಳಿಗೆ ಅಂಟಿದ್ದ ಜೇಡರ ಎಳೆಯನ್ನು ಒರೆಸಿದಳು. ನನ್ನತ್ತ ಒಮ್ಮೆ ನೋಡಿ, ನಮ್ಮ ಮನೆಗೆ ನೆಂಟರು ಬಂದಾಗ ನಡೆಯುವ ಹಾಗೆ ನಡೆದು ಹೋಗಿ, "ಆ ಕಾಗದದಲ್ಲಿ ಟೆಸ್ಸಾಳ ಸಹಿಯೂ ಇದ್ಯಾ ವೆಂಡೆಲ್?" ಎಂದು ಅದೇ ಸಿಹಿ ದನಿಯಲ್ಲಿ ಕೇಳುತ್ತ, ಚಿಲಕ ಸರಿಸಿದಳು.